ಲೇಖನಿಯ ಮರ, ಕುಂಚದ ಬೆಳಕು

ಕಾಡಿನ ಚಿತ್ರವನ್ನು ಬರೆಯೆಂದರೆ ನಮ್ಮ ಮಕ್ಕಳು ಒಂದು ಕಂದು ಕಂಬವನ್ನೂ ಅದರ ಮೇಲೊಂದು ಹಸುರು ಮುದ್ದೆಯನ್ನೂ ಬರೆದು, ಅದನ್ನೇ ಹತ್ತು ಸಲ ಪುನರಾವರ್ತಿಸುವರು. ಅದು ಮರದ ಹೆಸರೇ ಹೊರತು ಮರವಲ್ಲ. ಬಣ್ಣದ ಪೆಟ್ಟಿಗೆಯನ್ನು ಮರದ ಬುಡಕ್ಕೇ ಕೊಂಡೊಯ್ದ ಹೊರತು ಈ ದೋಷವು ತೊಲಗದು.

ಜಯಮಂಗಲಾ ವ್ಯಾಖ್ಯಾನವನ್ನು ರಚಿಸಿದ ಯಶೋಧರನು ಚಿತ್ರಕ್ಕೆ ಆರು ಅಂಗಗಳನ್ನು ಹೇಳಿರುವನು. ಮೊದಲನೆಯದು ರೂಪಭೇದ, ಎಂದರೆ ಒಂದೊಂದರ ಆಕಾರವನ್ನೂ ಬೇರೆಬೇರೆಯಾಗಿ ಅರಿಯುವುದು. ಕಡೆಯದು ವರ್ಣಿಕಾಭಂಗ, ಎಂದರೆ ಬಣ್ಣಗಳನ್ನು ಬೆರಸಿ ಹಚ್ಚುವ ಕ್ರಮ. ಮಸಿ ಮತ್ತು ನೀರುಬಣ್ಣಗಳಿಂದ ಕೂಡಿದ ಚಿತ್ರದಲ್ಲಿ ಮೊದಲನೆಯದು ಲೇಖನಿಯ ಕಾರ್ಯ, ಕಡೆಯದು ಕುಂಚದ ಕಾರ್ಯ.

ಇದಕ್ಕೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪಾಮರನು (೧೮೦೫–೧೮೮೧) ಉತ್ತಮ ನಿದರ್ಶನ. ಕವಿಯೂ ಚಿತ್ರಕಾರನೂ ಆದ ಬ್ಲೇಕನನ್ನು ಗುರುವೆಂದು ಭಾವಿಸಿದ ಈತನು ಯೌವನದಲ್ಲಿ ಕಲ್ಪನಾಲೋಕದಲ್ಲಿಯೇ ವಿಹರಿಸುತ್ತಿದ್ದನು. ಹಿರಿಯ ಮಿತ್ರನಾದ ಜಾನ್ ಲಿನೆಲ್ಲನು, ಪ್ರಕೃತಿಯನ್ನು ಕಣ್ಣೆದುರಿಗಿಟ್ಟುಕೊಂಡು ಬರೆಯುವಂತೆ ಪ್ರೇರಿಸಿದನು. ೧೮೨೮ರಲ್ಲಿ ಪಾಮರನು ಕೆಂಟ್ ಪ್ರಾಂತದ ಲಲ್ಲಿಂಗ್‌ಸ್ಟನ್ ಉಪವನದ ಪುರಾತನ ಓಕ್ ವೃಕ್ಷಗಳನ್ನು ಕಂದುಮಸಿಯಿಂದಲೂ ನೀರುಬಣ್ಣದಿಂದಲೂ ಚಿತ್ರಿಸಿದನು. ಆ ಗಂಟುಬಿದ್ದ ಬೊಡ್ಡೆಗಳನ್ನೂ ತಿರುಚಿದ ಕೊಂಬೆಗಳನ್ನೂ ಕಂಡವರು, ಇವು ಬೇರೆ ಯಾವ ಮರಗಳೂ ಅಲ್ಲ, ಅವೇ ಮರಗಳು ಎನ್ನದಿರರು.

ಅಭ್ಯಾಸಿಗಳು ಗಮನಿಸಬೇಕಾದ ಸಂಗತಿಗಳು ಕೆಲವುಂಟು. ಮಸಿಯು ಒಣಗಿದ ಮೇಲೆ ನೀರಿಗೆ ಕರಗದ ಜಾತಿಯದಾಗಿರಬೇಕು. ಇಲ್ಲವಾದರೆ ಕುಂಚವು ಸೋಕಿದೊಡನೆ ಗೆರೆಯೆಲ್ಲ ಕದಡಿಹೋಗುವುದು. ಸೂರ್ಯನು ಕಾಯುವವನಲ್ಲ, ಆದುದರಿಂದ ನೆರಳಿನ ಎಲ್ಲೆಯನ್ನು ಆರಂಭದಲ್ಲಿಯೇ ಗುರುತಿಸಿಕೊಂಡು, ಅನಂತರ ಅದು ಸರಿದರೂ ಬೆನ್ನಟ್ಟಬಾರದು. ಪೆಟ್ಟಿಗೆಯ ಒಂದೇ ಹಸುರನ್ನು ಎಲ್ಲೆಡೆಯೂ ಬಳಿಯದೆ ನೀಲಿ ಹಳದಿಗಳನ್ನು ಬೆರಸಿಕೊಳ್ಳಬೇಕು. ಸಮೀಪದ ಎಲೆಗೆ ಹಳದಿ ಹೆಚ್ಚು, ದೂರದ ಮರಕ್ಕೆ ನೀಲಿ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾದುದು, ನೀರುಬಣ್ಣದಲ್ಲಿ ಬೆಳಕೆಂಬುದು ಕಾಗದದ ಬಿಳುಪೇ ಎಂಬುದು. ಎಲೆಗಳ ನಡುವಿನಿಂದ ಬಿಸಿಲು ಬೀಳುವ ತಾಣವನ್ನು ಮೊದಲೇ ಬಿಟ್ಟುಕೊಳ್ಳಬೇಕು. ಮುಚ್ಚಿದ ಬಿಳುಪನ್ನು ಮರಳಿ ಪೂರ್ಣವಾಗಿ ಪಡೆಯುವುದು ದುಸ್ಸಾಧ್ಯ.

ಗೃಹಸ್ಥರು ಭಾನುವಾರದ ಬೆಳಗ್ಗೆ ಮಕ್ಕಳನ್ನು ಊರ ಹೊರಗಿನ ತೋಪಿಗೆ ಕರೆದೊಯ್ದು, ಒಂದೇ ಮರದ ಮುಂದೆ ಒಂದು ಗಂಟೆ ಕುಳ್ಳಿರಿಸಲಿ. ಚಿತ್ರವು ಚೆನ್ನಾಗಿ ಬಾರದಿದ್ದರೂ ಬಾಧಕವಿಲ್ಲ. ದಾರಿಯ ಮರವೊಂದನ್ನು ಕಡಿದು ಕೆಡಹಿದಾಗ, ನೋಡದೆ ನಡೆದವನಿಗೆ ನೆರಳು ಹೋಯಿತೆಂದಷ್ಟೇ ತೋರುವುದು. ಅದರ ಕೊಂಬೆಕೊಂಬೆಯನ್ನೂ ಬರೆದವನಿಗೆ ಪರಿಚಿತರೊಬ್ಬರು ಅಗಲಿದಂತಾಗುವುದು. ಅಂತಹವನು ಕೊಡಲಿ ಬೀಳುವ ಮೊದಲೇ ಒಂದು ಮಾತನ್ನಾಡಿಯಾನು.