ತಪಾಸಣೆಯ ಮುನ್ನಾದಿನದ ಅಹಿಂಸೆ

"ನಾಳೆ ಸಾಹೇಬರು ಬರುತ್ತಾರೆ" ಎಂಬ ಸುದ್ದಿ ಮುಟ್ಟಿದೊಡನೆ ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಆರಂಭವಾಗುವ ಸಡಗರವು ವ್ಯಾಪಾರಸ್ಥರಾದ ವಾಚಕರಿಗೆ ಅಪರಿಚಿತವಲ್ಲ. ಹಿಂಬಾಗಿಲಿಗೆ ಅಡ್ಡವಾಗಿ ವರ್ಷವಿಡೀ ಪೇರಿಸಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳು ರಾತ್ರೋರಾತ್ರಿ ಬೇರೆ ಗೋದಾಮಿಗೆ ಸಾಗುತ್ತವೆ. ಅಟ್ಟದ ಮೇಲೆ ಧೂಳು ಹಿಡಿದಿದ್ದ ಬೆಲ್ಟಿನ ಕವಚವು ಕೆಳಗಿಳಿದು ಯಂತ್ರದ ಮೇಲೆ ಕೂರುತ್ತದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಹೊಸ ಹತ್ತಿ, ಹೊಸ ಪಟ್ಟಿ ಬರುತ್ತವೆ. ಗುಮಾಸ್ತನು ಒಂದೇ ಪೆನ್ನಿನಲ್ಲಿ, ಕುಳಿತಲ್ಲಿಯೇ, ಹನ್ನೆರಡು ತಿಂಗಳ ರಿಜಿಸ್ಟರನ್ನು ತುಂಬಿಬಿಡುತ್ತಾನೆ. ಅಧಿಕಾರಿಗಳು ಬಂದು ಹೋದ ಮರುದಿನ ಪೆಟ್ಟಿಗೆಗಳು ಮರಳುತ್ತವೆ. ಕವಚ ಮತ್ತೆ ಅಟ್ಟ ಸೇರುತ್ತದೆ. ಇದನ್ನು ನಾವು 'ತಪಾಸಣೆಗೆ ಸಿದ್ಧತೆ' ಎಂದು ಕರೆಯುತ್ತೇವೆ. ನಮ್ಮ ಶಾಸ್ತ್ರವು ಇದಕ್ಕೆ ಬೇರೆ ಹೆಸರುಗಳನ್ನು ಇಟ್ಟಿದೆ. ಅವನ್ನು ಸಮಾಜದ ಮುಂದಿಡುವುದೇ ಈ ಲೇಖನದ ಉದ್ದೇಶ.

ಪರರ ದೋಷವನ್ನು ಎಣಿಸುವ ಮುನ್ನ ತನ್ನದನ್ನು ಹೇಳಿಕೊಳ್ಳುವುದು ಶ್ರಾವಕನ ಕರ್ತವ್ಯ. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ಸಣ್ಣ ಪ್ಯಾಕಿಂಗ್ ಘಟಕದಲ್ಲಿ ಇದೇ ನಾಟಕವನ್ನು ನಾನೇ ಆಡಿಸಿದ್ದೆನು. ಕವಚವಿದ್ದರೆ ಬೆಲ್ಟು ಬದಲಿಸಲು ತಡವಾಗುತ್ತದೆಂದು ತಪಾಸಣೆ ಮುಗಿದ ಮರುದಿನವೇ ಅದನ್ನು ತೆಗೆಸಿದೆನು. ಎರಡು ವಾರ ಕಳೆಯುವುದರೊಳಗೆ ಹತ್ತೊಂಬತ್ತು ವರ್ಷದ ಹುಡುಗನ ಎರಡು ಬೆರಳು ಬೆಲ್ಟಿಗೂ ಗಾಲಿಗೂ ನಡುವೆ ಸಿಕ್ಕಿ ಹೋದವು. ಆಸ್ಪತ್ರೆಯ ಖರ್ಚನ್ನು ಕೊಟ್ಟೆನು. ಬಂಧುಗಳು ನನ್ನನ್ನು ದಯಾಳು ಎಂದು ಹೊಗಳಿದರು. ಆ ಸಂಜೆ ಎನ್.ಆರ್. ಕಾಲೋನಿಯ ಮನೆಗೆ ಬಂದಾಗ ನನ್ನ ತಾಯಿಯವರು ಎಂದಿನಂತೆ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದರು. ಕಣ್ಣಿಗೆ ಕಾಣದ ಜೀವಕ್ಕೆ ಮನೆಯಲ್ಲಿ ಅಷ್ಟು ಎಚ್ಚರ. ಹೆಸರು ಹಿಡಿದು ಕರೆಯುತ್ತಿದ್ದ ಹುಡುಗನಿಗೆ ಕಾರ್ಖಾನೆಯಲ್ಲಿ ಒಂದು ತಗಡಿನ ಕವಚವಿಲ್ಲ! ಅಂದಿನ ನಾಚಿಕೆ ಇಂದಿಗೂ ಹೋಗಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಹಿಂಸೆಗೆ ಕೊಡುವ ಲಕ್ಷಣದಲ್ಲಿ ಪ್ರಮಾದವೇ ಮೂಲ. ಕೊಲ್ಲುವ ದ್ವೇಷವಿರಬೇಕಾಗಿಲ್ಲ, ಎಚ್ಚರಗೇಡಿತನವೇ ಸಾಕು. ಅದೇ ಅಧ್ಯಾಯವು ಅಣುವ್ರತಗಳಿಗೆ ತಗಲುವ ಅತಿಚಾರಗಳನ್ನು ಎಣಿಸುತ್ತದೆ. ಅಹಿಂಸೆಯ ಅತಿಚಾರಗಳಲ್ಲಿ ಒಂದು ಅತಿಭಾರಾರೋಪಣ, ಅಂದರೆ ಶಕ್ತಿಮೀರಿ ಹೊರೆ ಹೊರಿಸುವುದು. ಸತ್ಯದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ಅಚೌರ್ಯದ ಅತಿಚಾರಗಳಲ್ಲಿ ಒಂದು ವಿರುದ್ಧರಾಜ್ಯಾತಿಕ್ರಮ, ಅಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು. ಒಂದೇ ರಾತ್ರಿಯ 'ಸಿದ್ಧತೆ'ಯಲ್ಲಿ ಮೂರು ವ್ರತಗಳು ಮಲಿನವಾಗುತ್ತವೆ. ಗುಮಾಸ್ತನು ತುಂಬಿದ ಆ ರಿಜಿಸ್ಟರು ಕೂಟಲೇಖವಲ್ಲದೆ ಮತ್ತೇನು?

ಸರ್ಕಾರದ ಕಾನೂನು ನಮ್ಮ ಮೇಲೆ ಹೊರಗಿನಿಂದ ಬಂದ ಉಪದ್ರವವೆಂದು ದೂರುವವರು ಅದನ್ನೊಮ್ಮೆ ಓದಿ ನೋಡಬೇಕು. 1948ರ ಕಾರ್ಖಾನೆಗಳ ಕಾಯ್ದೆಯ 21ನೆಯ ಕಲಮು ಯಂತ್ರದ ಅಪಾಯಕರ ಭಾಗಗಳಿಗೆ ಭದ್ರವಾದ ಆವರಣವಿರಬೇಕೆಂದಿತು. 34ನೆಯ ಕಲಮು ದೇಹಕ್ಕೆ ಘಾಸಿಯಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಕೂಡದೆಂದಿತು. ಇದು ಅತಿಭಾರಾರೋಪಣದ ನಿಷೇಧವಲ್ಲವೇ? 1984ರ ಭೋಪಾಲ್ ದುರಂತದ ತರುವಾಯ 1987ರ ತಿದ್ದುಪಡಿಯು ಕೆಲಸಗಾರರ ಸುರಕ್ಷತೆ, ಆರೋಗ್ಯಗಳನ್ನು ಕಾಪಾಡುವ ಸಾಮಾನ್ಯ ಹೊಣೆಯನ್ನೇ ಕಾರ್ಖಾನೆಯ ಅಧಿಭೋಗದಾರನ ಮೇಲೆ ಹೊರಿಸಿತು. ಶಾಸ್ತ್ರವು ಶ್ರಾವಕನಿಂದ ಮೊದಲೇ ಬಯಸಿದ್ದನ್ನು ಸಂಸತ್ತು ತಡವಾಗಿ ಬರೆದಿಟ್ಟಿತು, ಅಷ್ಟೆ.

ಈ ಮಾತಿಗೆ ನಮ್ಮವರು ಒಡ್ಡುವ ಆಕ್ಷೇಪಗಳು ಮೂರು. ಮೊದಲನೆಯದು: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಗೃಹಸ್ಥನು ತ್ಯಜಿಸಲೇಬೇಕಾದುದು ಸಂಕಲ್ಪೀ ಹಿಂಸೆ ಮಾತ್ರ, ಉದ್ಯೋಗದಲ್ಲಿ ಆಗುವುದು ಕ್ಷಮ್ಯ ಎಂಬುದು. ಎಚ್ಚರವಹಿಸಿದ ಮೇಲೂ ತಪ್ಪಿಸಲಾಗದೆ ಉಳಿಯುವುದು ಉದ್ಯೋಗೀ ಹಿಂಸೆ. ಒಂದು ತಗಡಿನ ಕವಚದಿಂದ ತಪ್ಪುತ್ತಿದ್ದುದನ್ನು ಆ ಲೆಕ್ಕಕ್ಕೆ ಬರೆಯುವುದು ಖಾತೆಯನ್ನು ತಿದ್ದಿದಂತೆ. ಎರಡನೆಯದು: ಪೆಟ್ಟಾದುದು ಅವನ ಅಸಾತಾವೇದನೀಯ ಕರ್ಮದ ಉದಯ, ನಾವು ನಿಮಿತ್ತಮಾತ್ರ ಎಂಬುದು. ಇದು ಕ್ರೂರವಾದ ಕುತರ್ಕ. ಅವನ ಕರ್ಮದ ಉದಯ ಅವನದು; ನಮ್ಮ ಪ್ರಮಾದದಿಂದಾಗುವ ಆಸ್ರವ ನಮ್ಮದು. ಅವನ ಖಾತೆಯನ್ನು ತೋರಿಸಿ ನಮ್ಮ ಸಾಲವನ್ನು ತೀರಿಸಲಾಗದು. ಮೂರನೆಯದು: ಬರುವ ಅಧಿಕಾರಿಗಳೇ ಶುದ್ಧರಲ್ಲವೆಂಬುದು. ಇರಬಹುದು. ಅವರ ಲೋಭವು ನಮ್ಮ ಹಿಂಬಾಗಿಲಿನ ಬೀಗವನ್ನು ಸಮರ್ಥಿಸುವುದು ಹೇಗೆ? ಹೊಗೆ ತುಂಬಿದಾಗ ಒಳಗಿರುವವರು ಅಧಿಕಾರಿಗಳಲ್ಲ.

ಬೀಗದ ಮಾತು ಬರಿಯ ಊಹೆಯಲ್ಲ. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದಾಗ ಬಾಗಿಲಿಗೆ ಬೀಗವಿದ್ದಿತು. ಸತ್ತವರು 146 ಮಂದಿ, ಬಹುಪಾಲು ಎಳೆಯ ಹೆಣ್ಣುಮಕ್ಕಳು. ನಮ್ಮ ಬೆಂಗಳೂರಿನಲ್ಲಿಯೇ 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ 9 ಜನ ಮಡಿದರು. ಉಸಿರಿಗಾಗಿ ಕಿಟಕಿಯಿಂದ ಹಾರಿ ಸತ್ತವರೂ ಅವರಲ್ಲಿದ್ದರು. 2025ರ ಆಗಸ್ಟಿನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ತಗುಲಿ ಮಕ್ಕಳೂ ಸೇರಿ 5 ಜನ ಪ್ರಾಣ ಕಳೆದುಕೊಂಡರು. ಆ ಪೇಟೆಯ ಬೀದಿಗಳಲ್ಲಿ ನಮ್ಮ ಅಂಗಡಿಗಳೂ ಗೋದಾಮುಗಳೂ ಎಷ್ಟಿವೆಯೆಂದು ನಾನು ಹೇಳಬೇಕಾಗಿಲ್ಲ. ಕೆಳಗೆ ಸರಕು, ಮೇಲೆ ಸಂಸಾರ, ನಡುವೆ ಕಿರಿದಾದ ಒಂದೇ ಮೆಟ್ಟಿಲು: ಇದು ನಮ್ಮಲ್ಲಿ ಅನೇಕರ ಮನೆಯ ಚಿತ್ರವೇ.

ಈಗ ಇನ್ನೊಂದು ಪರೀಕ್ಷೆ ಎದುರಾಗಿದೆ. 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಕೆಲಸಗಾರರಿದ್ದರೆ ಅದು 'ಕಾರ್ಖಾನೆ' ಎನಿಸಿಕೊಳ್ಳುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಆ ಸಂಖ್ಯೆಯನ್ನು 20ಕ್ಕೆ ಏರಿಸಿದೆ. "ಇನ್ನು ನಾವು ಕಾರ್ಖಾನೆಯೇ ಅಲ್ಲ" ಎಂದು ಹನ್ನೆರಡು ಜನರನ್ನು ಇಟ್ಟುಕೊಂಡ ಬಂಧುವೊಬ್ಬರು ಸಿಹಿ ಹಂಚಿದಂತೆ ನಕ್ಕರು. ಕಾಯ್ದೆಯ ವ್ಯಾಖ್ಯೆ ಬದಲಾದರೆ ಬೆಲ್ಟಿನ ವೇಗ ತಗ್ಗುವುದೇ? ಅಹಿಂಸಾಣುವ್ರತಕ್ಕೆ ಕನಿಷ್ಠ ಇಷ್ಟು ಜನರಿರಬೇಕೆಂಬ ಕಲಮುಂಟೇ?

ಬಸದಿಗಳ ಟ್ರಸ್ಟುಗಳಿಗೂ ಒಂದು ಮಾತು. ನಮ್ಮ ಸಭಾಭವನಗಳಿಗೂ ಉತ್ಸವದ ಅಡುಗೆಮನೆಗಳಿಗೂ ಕಾರ್ಖಾನೆಯ ಅಧಿಕಾರಿ ಬರುವುದಿಲ್ಲ. ಸಾವಿರ ಜನ ಊಟಕ್ಕೆ ಕುಳಿತಿರುವಾಗ ಪಕ್ಕದ ಬಾಗಿಲು ಪಾದರಕ್ಷೆ ಕಳುವಾಗುವ ಭಯದಿಂದ ಮುಚ್ಚಿರುತ್ತದೆ. ಒಲೆಗಳ ಹಿಂದೆ ಗ್ಯಾಸ್ ಸಿಲಿಂಡರುಗಳ ಸಾಲು. ಚಪ್ಪರದ ಬಟ್ಟೆಗೆ ತಗುಲಿ ನೇತಾಡುವ ತಂತಿ. ಬೆಂಕಿ ನಂದಿಸುವ ಉಪಕರಣವನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗಲೆಂದು ಕಾರ್ಯದರ್ಶಿಗಳೇ ಅರಿಯರು. ಅಮೃತಶಿಲೆಯ ನೆಲಕ್ಕೆ ದಾನಿಗಳು ದೊರೆಯುವರು. ಎರಡನೆಯ ಬಾಗಿಲಿಗೆ ಏಕೆ ದೊರೆಯಬಾರದು? ಪ್ರಾಣಭಯವನ್ನು ಹೋಗಲಾಡಿಸುವುದೂ ಅಭಯದಾನವೇ.

ಆದುದರಿಂದ ನನ್ನ ಸೂಚನೆ ಇಷ್ಟೇ. ದಶಲಕ್ಷಣ ಪರ್ವದ ಉತ್ತಮ ಸಂಯಮದ ದಿನ ಪ್ರತಿಯೊಬ್ಬ ಮಾಲೀಕನೂ, ಪ್ರತಿಯೊಂದು ಟ್ರಸ್ಟಿನ ಪದಾಧಿಕಾರಿಗಳೂ ತಮ್ಮ ಸ್ಥಳವನ್ನು ತಾವೇ ತಪಾಸಣೆ ಮಾಡಲಿ. ಬಾಗಿಲು ಒಳಗಿನಿಂದ ಒಡನೆ ತೆರೆಯುವುದೇ? ತಿರುಗುವ ಭಾಗಕ್ಕೆ ಕವಚವಿದೆಯೇ? ತಂತಿ ಎಲ್ಲಿಯಾದರೂ ಸುಲಿದಿದೆಯೇ? ಬೆನ್ನು ಬಾಗುವಷ್ಟು ಮೂಟೆಯನ್ನು ಯಾರಾದರೂ ಹೊರುತ್ತಿದ್ದಾರೆಯೇ? ರಿಜಿಸ್ಟರಿನಲ್ಲಿರುವುದು ನಡೆದುದೇ, ಬರೆದುದೇ? ಉತ್ತರವನ್ನು ಕೆಲಸಗಾರರ ಬಾಯಿಂದ ಕೇಳಲಿ. ಅಪಾಯ ಎಲ್ಲಿದೆಯೆಂದು ಮಾಲೀಕನಿಗಿಂತ ಅವರು ಚೆನ್ನಾಗಿ ಬಲ್ಲರು. ಕಂಡ ದೋಷವನ್ನು ಅಂದೇ ಸರಿಪಡಿಸಿ, ಕ್ಷಮಾವಣಿಯ ದಿನ ಮೊದಲು ಅವರಲ್ಲಿ ಕ್ಷಮೆ ಬೇಡಲಿ. ದೋಷವನ್ನು ಉಳಿಸಿಕೊಂಡು ಬೇಡುವ ಕ್ಷಮೆ ಬರಿಯ ಬಾಯಿಮಾತು.

ಹೀಗೆ ವರ್ಷವಿಡೀ ಸಿದ್ಧನಾಗಿರುವವನಿಗೆ ಸಾಹೇಬರು ನಾಳೆ ಬಂದರೇನು, ಈಗಲೇ ಬಂದರೇನು?