ಫ್ಯೂಷನ್ ಅಂದರೆ ಕಲಸುಮೇಲೋಗರವಲ್ಲ

ಕಾಲೇಜು ಫೆಸ್ಟ್‌ಗಳಲ್ಲಿ ‘ಫ್ಯೂಷನ್’ ಅಂದರೆ ಏನೆಂದು ನಿಮಗೂ ಗೊತ್ತು. ಒಂದು ಕೀರ್ತನೆಯ ಪಲ್ಲವಿ, ಹಿಂದೆ ಡ್ರಮ್ಸ್, ನಡುವೆ ಗಿಟಾರ್ ಅಬ್ಬರ. ಕಳೆದ ವರ್ಷ ನಾನೂ ಅದನ್ನೇ ಮಾಡಿದ್ದೆ. ಸಮ ಬಿಟ್ಟು ಎತ್ತಿಕೊಳ್ಳಬೇಕಾದ ಪಲ್ಲವಿಯನ್ನು ಡ್ರಮ್ಸ್‌ಗೆ ಹೊಂದಲೆಂದು ಸಮಕ್ಕೇ ಎಳೆದು ತಂದಿದ್ದೆ. ಐದು ವರ್ಷ ಮೃದಂಗ ಕಲಿತವನಿಗೆ ಅದು ತಪ್ಪೆಂದು ಗೊತ್ತಿತ್ತು. ಆದರೂ ಶಿಳ್ಳೆ ಬಿತ್ತು, ಸುಮ್ಮನಾದೆ.

ಆಮೇಲೆ ಸೀನಿಯರ್ ಒಬ್ಬರು ಜಾನ್ ಮೆಕ್‌ಲಾಫ್ಲಿನ್ ಅವರ ಆಲ್ಬಂ ಕೇಳು ಎಂದರು. ಮೈಲ್ಸ್ ಡೇವಿಸ್ ಜೊತೆ ನುಡಿಸಿದ್ದ ಇಂಗ್ಲೆಂಡಿನ ಈ ಗಿಟಾರ್ ವಾದಕ ಕಟ್ಟಿದ ತಂಡವೇ ಮಹಾವಿಷ್ಣು ಆರ್ಕೆಸ್ಟ್ರಾ. ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’ (1971), ‘ಬರ್ಡ್ಸ್ ಆಫ್ ಫೈರ್’ (1973) ಎರಡೂ ಬೆಂಕಿಯೇ. ಬಿಲ್ಲಿ ಕಾಬಮ್ ಡ್ರಮ್ಸ್ ಜೊತೆ ಎಲೆಕ್ಟ್ರಿಕ್ ಗಿಟಾರ್ ಓಡುವ ವೇಗಕ್ಕೆ ಮೈ ಜುಮ್ಮೆನ್ನುತ್ತದೆ. ಇವೇ ಅವರ ಶ್ರೇಷ್ಠ ಆಲ್ಬಂಗಳು ಎನ್ನುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ.

ನನ್ನ ಪ್ರಕಾರ ಅವರ ದೊಡ್ಡ ಕೆಲಸ 1976ರ ‘ಶಕ್ತಿ’. ಹಿಂದಿನ ವರ್ಷ ಅಮೆರಿಕದ ಕಾಲೇಜೊಂದರಲ್ಲಿ ನಡೆದ ಕಛೇರಿಯ ಧ್ವನಿಮುದ್ರಣ ಅದು. ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ, ಆರ್. ರಾಘವನ್ ಮೃದಂಗ. ಇವರ ನಡುವೆ ಹೆಸರುವಾಸಿ ರಾಕ್ ವಾದಕ ಅಕೌಸ್ಟಿಕ್ ಗಿಟಾರ್ ಹಿಡಿದು ಚಕ್ಕಳಮಕ್ಕಳ ಹಾಕಿ ಕುಳಿತರು. ಸುಮ್ಮನೆ ಕುಳಿತದ್ದಲ್ಲ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತಿದ್ದರು. ತಂತಿ ಒತ್ತಿ ಗಮಕ ತರಲು ಗಿಟಾರ್‌ನ ಮೆಟ್ಟಿಲುಗಳ ನಡುವಿನ ಮರವನ್ನೇ ತಗ್ಗಾಗಿ ಕೆತ್ತಿಸಿಕೊಂಡರು. ಮೊದಲ ಹಾಡು ‘ಜಾಯ್’ 18 ನಿಮಿಷ. ವೇಗ ಇಲ್ಲೂ ಇದೆ, ಆದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಂಡು ಉತ್ತರ ಕೊಡುತ್ತಾರೆ.

ಶಕ್ತಿಯ ಎಲ್ಲ ಆಲ್ಬಂಗಳನ್ನೂ ನಾನು ಹೊಗಳುವುದಿಲ್ಲ. ‘ನ್ಯಾಚುರಲ್ ಎಲಿಮೆಂಟ್ಸ್’ನ (1977) ಹಾಡುಗಳು ಅರಳುವ ಮೊದಲೇ ಮುಗಿಯುತ್ತವೆ. ಆದರೆ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ ಶುರುವಾಗುವುದೇ ಬಾಯಿಯಲ್ಲಿ ಹೇಳುವ ಕೊನ್ನಕೋಲ್‌ನಿಂದ. ಅದನ್ನು ಕೇಳಿ ನಾಚಿಕೆಯಾಯಿತು. ಹಾಸ್ಟೆಲ್‌ನಲ್ಲಿ ಗೆಳೆಯರು ನಕ್ಕಾರೆಂದು ‘ತಕಧಿಮಿ’ ಹೇಳುವುದನ್ನೇ ಬಿಟ್ಟವನು ನಾನು.

‘ಎಲ್ಲ ಕಲಿತೇ ಬೆರೆಸಬೇಕು ಅಂದ್ರೆ ವಯಸ್ಸೇ ಮುಗಿಯುತ್ತೆ ಮಗಾ’ ಎಂದ ನಮ್ಮ ಬ್ಯಾಂಡ್‌ನ ಗೆಳೆಯ. ಮಾತಿನಲ್ಲಿ ಸ್ವಲ್ಪ ನಿಜವಿದೆ. ಪ್ರಯೋಗಕ್ಕೆ ಧೈರ್ಯ ಬೇಕು, ಪಾಂಡಿತ್ಯಕ್ಕಾಗಿ ಕಾಯುತ್ತ ಕೂರಲಾಗದು. ಆದರೆ ಕಲಿಯುವುದು ಮುಗಿಯಬೇಕಿಲ್ಲ, ಶುರುವಾದರೆ ಸಾಕು. ಶಕ್ತಿಯ ‘ದಿಸ್ ಮೊಮೆಂಟ್’ಗೆ 2024ರಲ್ಲಿ ಗ್ರ್ಯಾಮಿ ಬಂದಾಗ ಮೆಕ್‌ಲಾಫ್ಲಿನ್ ಅವರಿಗೆ 82 ವರ್ಷ.

ಹೋದ ತಿಂಗಳು ಮತ್ತೆ ಮೃದಂಗದ ಮೇಷ್ಟ್ರ ಮನೆಗೆ ಹೋದೆ. ಅವರು ಬೈಯಲಿಲ್ಲ. ‘ಕೂತ್ಕೋ, ತಾಳ ಹಾಕು’ ಎಂದರು. ಈ ಸಲದ ಫೆಸ್ಟ್‌ನಲ್ಲೂ ಫ್ಯೂಷನ್ ಮಾಡುತ್ತೇವೆ. ಪಲ್ಲವಿ ಮಾತ್ರ ಅದು ಎತ್ತಿಕೊಳ್ಳಬೇಕಾದ ಜಾಗದಿಂದಲೇ ಶುರುವಾಗುತ್ತದೆ. ಹೊಂದಿಕೊಳ್ಳುವ ಕಷ್ಟ ಈ ಬಾರಿ ಡ್ರಮ್ಸ್‌ಗೆ ಇರಲಿ.