ಮೂಟೆ ಹೊರೋದು ಜಿಮ್ ಅಲ್ಲ ಸ್ವಾಮಿ

"ಅವ್ರಿಗೇನ್ರೀ, ಬೆಳಗ್ಗಿಂದ ಸಂಜೆವರೆಗೂ ಮೂಟೆ ಹೊರ್ತಾರೆ, ಬೇರೆ ಎಕ್ಸರ್‌ಸೈಜೇ ಬೇಡ. ಹಾರ್ಟ್ ಅಟ್ಯಾಕ್ ಎಲ್ಲಾ ನಮ್ಮಂಥ ಕುರ್ಚಿ ಗಿರಾಕಿಗಳಿಗೆ." ಆಫೀಸಿನ ಊಟದ ಟೇಬಲ್ಲಿನಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರಲ್ಲ, ದನಿಯಲ್ಲಿ ಒಂಚೂರು ಅಸೂಯೆಯೂ ಇರುತ್ತೆ. ಕೈಯಲ್ಲಿರೋ ವಾಚು ಹತ್ತು ಸಾವಿರ ಹೆಜ್ಜೆ ಕೇಳುತ್ತೆ, ನಮ್ಮದು ಮೂರು ಸಾವಿರ ದಾಟಲ್ಲ. ಯಶವಂತಪುರ ಎಪಿಎಂಸಿ ಯಾರ್ಡಿನ ಹಮಾಲಿಗೆ ತಿಂಡಿ ಹೊತ್ತಿಗೇ ಅಷ್ಟಾಗಿರುತ್ತೆ ಅಂತ. ಅಸೂಯೆ ಇರಲಿ, ಮಾತು ಮಾತ್ರ ಸುಳ್ಳು. ನಮಗೆ ಬಹಳ ಅನುಕೂಲವಾದ ಸುಳ್ಳು.

ಕೋಪನ್‌ಹೇಗನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಯುರೋಪಿಯನ್ ಹಾರ್ಟ್ ಜರ್ನಲ್‌ನಲ್ಲಿ ಬಂತು. ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರದು. ಬಿಡುವಿನ ವೇಳೆಯಲ್ಲಿ ಬೆವರು ಸುರಿಸಿದವರಿಗೆ ಹೃದಯಾಘಾತದಂಥವುಗಳ ಅಪಾಯ ಕಡಿಮೆ. ಕೆಲಸದಲ್ಲೇ ವಿಪರೀತ ಮೈದಣಿಸುವವರಿಗೆ, ಕೂತು ಕೆಲಸ ಮಾಡುವವರಿಗಿಂತ ಶೇ 35ರಷ್ಟು ಹೆಚ್ಚು! "ಬೀಡಿ ಸೇದ್ತಾರೆ, ಅದಕ್ಕೇ" ಅಂತ ಯಾರೋ ಶುರು ಮಾಡ್ತಾರೆ. ಧೂಮಪಾನ, ತೂಕ, ಆದಾಯ, ಓದು ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಉಳಿದ ಅಂತರ ಇದು. ಇಂಥ ಅಧ್ಯಯನ ನಂಟು ತೋರಿಸುತ್ತೆ, ಕಾರಣಕ್ಕೆ ಮುದ್ರೆ ಒತ್ತಿ ಕೊಡಲ್ಲ, ಒಪ್ಪೋಣ. ಆದರೆ ವಾರಕ್ಕೆ 37 ಗಂಟೆ ಕೆಲಸ, ಪುಕ್ಕಟೆ ಆಸ್ಪತ್ರೆ ಇರೋ ಡೆನ್ಮಾರ್ಕಿನಲ್ಲೇ ಹೀಗಾದರೆ, ಏಪ್ರಿಲ್ ಬಿಸಿಲಲ್ಲಿ ಕಲಬುರಗಿಯಲ್ಲಿ ಗಾರೆ ಹೊರುವ ಹೆಂಗಸಿನ ಎದೆಯ ಕತೆ ಏನು?

ಜಿಮ್‌ನಲ್ಲಿ ನೀವು ಮುಕ್ಕಾಲು ಗಂಟೆ ಗುದ್ದಾಡಿ, ನೀರು ಕುಡಿದು, ಸಾಕೆನಿಸಿದಾಗ ನಿಲ್ಲಿಸ್ತೀರಿ. ಬಡಿತ ಏರುತ್ತೆ, ಇಳಿಯುತ್ತೆ. ಹೃದಯ ಗಟ್ಟಿಯಾಗೋಕೆ ಆ ಇಳಿಯೋದು, ಆಮೇಲಿನ ವಿಶ್ರಾಂತಿ, ನಿದ್ದೆ ಎಲ್ಲಾ ಬೇಕು. ಹಮಾಲಿಯ ಬಡಿತ ಎಂಟು-ಹತ್ತು ಗಂಟೆ ಸರಿಯಾಗಿ ಇಳಿಯೋದೇ ಇಲ್ಲ. ಹೃದಯವನ್ನು ಪಳಗಿಸುವಷ್ಟು ಬಿರುಸೂ ಇಲ್ಲ, ದಣಿವಾರಿಸಿಕೊಳ್ಳಲು ಬಿಡುವೂ ಇಲ್ಲ. ಭಾರ ಎತ್ತುವಾಗ ಉಸಿರು ಬಿಗಿಹಿಡೀತಾರೆ, ಪ್ರತಿ ಸಲವೂ ರಕ್ತದೊತ್ತಡ ಜಿಗಿಯುತ್ತೆ. "ಇವತ್ತು ಲೆಗ್ ಡೇ ಬೇಡ" ಅನ್ನೋ ಹಕ್ಕು ಬೇರೆ ಇಲ್ಲ. ಲಾರಿ ಖಾಲಿಯಾಗಲೇಬೇಕು, ಕೂಲಿ ಮೂಟೆ ಲೆಕ್ಕ.

ಸ್ವಲ್ಪ ಓದಿಕೊಂಡವರು ಲಂಡನ್ ಬಸ್ಸನ್ನು ತರ್ತಾರೆ. ಕೂತೇ ಇರುವ ಡ್ರೈವರುಗಳಿಗಿಂತ ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಅಂತ 1953ರಲ್ಲಿ ಜೆರ್ರಿ ಮಾರಿಸ್ ತೋರಿಸಿದ್ದು ನಿಜ. ಆದರೆ ಕಂಡಕ್ಟರ್ ಹೆಗಲಲ್ಲಿ ಇದ್ದದ್ದು ಟಿಕೆಟ್ ಮಷೀನು, 50 ಕಿಲೋ ಸಿಮೆಂಟಲ್ಲ.

ಈ 50 ಕಿಲೋ ಏನು ದೇವರು ಬರೆದದ್ದೇ? ಬ್ರಿಟನ್, ಜರ್ಮನಿಯಲ್ಲಿ ಸಿಮೆಂಟ್ ಚೀಲ ಸಾಮಾನ್ಯವಾಗಿ 25 ಕಿಲೋ. ಮನುಷ್ಯ ಹೊರುವ ಭಾರಕ್ಕೆ ಮಿತಿ ಬೇಕು ಅನ್ನುವ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಒಪ್ಪಂದಕ್ಕೆ ಭಾರತವೂ 2010ರಲ್ಲಿ ಒಪ್ಪಿಗೆ ಕೊಟ್ಟಿದೆ. ಚೀಲ ಮಾತ್ರ ಕುಗ್ಗಿಲ್ಲ. ಇನ್ನು ಹೊತ್ತವನ ಎದೆಯೇ ನಿಂತರೆ? ಸಾರುವೆಯಿಂದ ಬಿದ್ದು ಸತ್ತರೆ ಅಪಘಾತ, ಪರಿಹಾರಕ್ಕೆ ದಾರಿಯಿದೆ. ಮೂಟೆ ಇಳಿಸಿ, ಎದೆ ಹಿಡಿದು ಕೂತವನು ಮೇಲೇಳದಿದ್ದರೆ, ಕೆಲಸದಿಂದಲೇ ಹಾಗಾಯಿತು ಅಂತ ಹೆಂಡತಿ ಸಾಬೀತು ಮಾಡಬೇಕು. ಆಗಲಿಲ್ಲವೋ, ಅದು ಸಹಜ ಸಾವು. ಇಪ್ಪತ್ತು ವರ್ಷ ಮೂಟೆ ಹೊತ್ತು ನಲವತ್ತೈದಕ್ಕೆ ಸಾಯೋದರಲ್ಲಿ ಸಹಜ ಏನಿದೆ ಅಂತ ಯಾರಾದರೂ ನನಗೆ ಹೇಳಿ.

ಚೀಲ 25 ಕಿಲೋಗೆ ಇಳಿಯಲಿ. ಯಾರ್ಡಿನಲ್ಲಿ, ಸೈಟಿನಲ್ಲಿ ಕೂಲಿ ಕಡಿಯದೆ ಬಿಡುವು ಕೊಡಲಿ, ತಿಂಗಳಿಗೊಮ್ಮೆ ಬಿಪಿ ನೋಡಲಿ. ಇದೆಲ್ಲ ಸರ್ಕಾರ ಮಾಡಬೇಕಾದ್ದು ಅಂತೀರಾ? ಸರಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀರಿನ ಕ್ಯಾನ್ ತರುವವರು ಲಿಫ್ಟ್ ಬಳಸುವಂತಿಲ್ಲ ಅಂತ ಬೋರ್ಡಿದೆ. 20 ಲೀಟರ್ ಕ್ಯಾನು, ಐದನೇ ಮಹಡಿ, ದಿನಕ್ಕೆ ಎಷ್ಟು ಸಲವೋ. ಆ ಬೋರ್ಡು ಸರ್ಕಾರದ್ದಲ್ಲ. ತೆಗೀರಿ ಅಂದರೆ "ಸ್ಟೀಲೆಲ್ಲ ಗೀಚಾಗುತ್ತೆ ಸಾರ್" ಅಂದರು ಸೆಕ್ರೆಟರಿ. ಒಳಗೆ ರಬ್ಬರ್ ಮ್ಯಾಟ್ ಅಂಟಿಸೋಣ, ಖರ್ಚು ನನ್ನದು ಅಂದಿದ್ದೇನೆ. ಭಾನುವಾರ ಮೀಟಿಂಗ್ ಇದೆ.